ನಾಯಿ ನಿಮ್ಮದು, ಫೋಟೊ ಕ್ಲಿಕ್ ಮಾಡಿದವರದು

ನಿಮ್ಮ ಮನೆ ನಾಯಿಯ ಫೋಟೊ ಯಾರದೋ ಪೇಜಿನಲ್ಲಿ ಕಂಡರೆ ಮೊದಲು ಬಾಯಿಗೆ ಬರುವ ಮಾತು ಒಂದೇ: "ನಮ್ಮ ನಾಯಿ ಫೋಟೊ ಹಾಕಲಿಕ್ಕೆ ಇವರ್ಯಾರು?" ಆ ಸಿಟ್ಟು ಸಹಜ. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ. ನಾಯಿ ಯಾರದು ಅಂತ ಅದು ಕೇಳುವುದಿಲ್ಲ. ಫೋಟೊ ತೆಗೆದವರು ಯಾರು ಅಂತ ಕೇಳುತ್ತದೆ.

ಈ ಎರಡು ಪ್ರಶ್ನೆಗಳನ್ನು ಒಂದೇ ಅಂದುಕೊಳ್ಳುವುದರಿಂದ ಅಕ್ಕಪಕ್ಕದವರ ನಡುವೆ ಮಾತು ನಿಲ್ಲುತ್ತದೆ. ಅಂಗಡಿಯವರ ಜೊತೆ ಜಗಳ ಆಗುತ್ತದೆ. ಕಲಬುರಗಿಯಂಥ ಊರಿನಲ್ಲಿ ಒಂದು ಫೋಟೊ ನಾಲ್ಕು ಗ್ರೂಪ್ ದಾಟುವಷ್ಟರಲ್ಲಿ ಗುರುತಿನವರ ಕೈಗೇ ಬಂದಿರುತ್ತದೆ. ಅದು ಎಲ್ಲಿಂದ ಬೇಕಾದರೂ ಹೊರಟಿರಬಹುದು. ಲೇಔಟಿನ ವಾಟ್ಸ್‌ಆ್ಯಪ್ ಗ್ರೂಪ್, ಗ್ರೂಮಿಂಗ್ ಅಂಗಡಿಯ ಇನ್‌ಸ್ಟಾಗ್ರಾಂ, ದನದ ದವಾಖಾನೆಯಲ್ಲಿ ಪಕ್ಕ ಕೂತವರ ಸ್ಟೇಟಸ್, ಕಾರಹುಣ್ಣಿಮೆಯ ರೀಲ್ಸ್. ಹಾಗಾಗಿ ನಮ್ಮ ಕೈಯಲ್ಲಿ ನಿಜವಾಗಿ ಏನಿದೆ, ಏನಿಲ್ಲ ಅನ್ನೋದನ್ನು ಮೊದಲು ಬಿಡಿಸಿ ನೋಡೋಣ.

ಕ್ಯಾಮೆರಾ ಹಿಂದೆ ನಿಂತವರ ಹಕ್ಕು

ನಮ್ಮ ಕಾಪಿರೈಟ್ ಕಾಯ್ದೆ 1957ರದು. ಅದರ ಪ್ರಕಾರ ಫೋಟೊ ಒಂದು ಕಲಾಕೃತಿ. ಅದರ ಕರ್ತೃ, ಫೋಟೊ ತೆಗೆದ ವ್ಯಕ್ತಿ. 17ನೇ ಸೆಕ್ಷನ್ ಪ್ರಕಾರ ಮೊದಲ ಮಾಲೀಕತ್ವವೂ ಸಾಮಾನ್ಯವಾಗಿ ಅವರದೇ. ಫೋಟೊದಲ್ಲಿ ಕಾಣುವ ನಾಯಿ, ಬೆಕ್ಕು, ಎತ್ತು ಯಾರ ಮನೆಯದು ಅನ್ನೋದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಊಟ ಹಾಕಿದ್ದು ನೀವು, ಲಸಿಕೆ ಹಾಕಿಸಿದ್ದು ನೀವು, ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತಿದ್ದು ನೀವು. ಆದರೂ ರಸ್ತೆಯಲ್ಲಿ ನಿಂತು ಎದುರು ಮನೆ ಹುಡುಗ ಒಂದು ಚಂದದ ಫೋಟೊ ತೆಗೆದರೆ, ಅದರ ಕಾಪಿರೈಟ್ ಆ ಹುಡುಗನದು. ಅವನು ಅದನ್ನು ಹಾಕಿಕೊಳ್ಳಬಹುದು. ನೀವು ಅವನನ್ನು ಕೇಳದೆ ಆ ಫೋಟೊವನ್ನು ನಿಮ್ಮ ಪೇಜಿನಲ್ಲಿ ಹಾಕಿದರೆ ತಪ್ಪು ನಿಮ್ಮದೇ ಆಗಬಹುದು. ಕೇಳಲು ಕಷ್ಟ ಅನಿಸುತ್ತದೆ, ಅಲ್ವಾ? ಆದರೆ ಈಗಿನ ಕಾನೂನು ಹೀಗೇ ಇದೆ.

ಫೋನ್ ಯಾರದು ಅನ್ನೋದೂ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಫೋನನ್ನು ಗೆಳತಿಯ ಕೈಗೆ ಕೊಟ್ಟು, ನಾಯಿ ಜೊತೆ ನಿಂತು ಫೋಟೊ ತೆಗೆಸಿಕೊಂಡರೆ ಕರ್ತೃ ಆ ಗೆಳತಿ. ಮನೆಯ ಚಿಕ್ಕ ಮಗಳು ತೆಗೆದರೆ ಕರ್ತೃ ಮಗಳು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಕ್ಲಿಕ್ ಮಾಡಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಬೇಕಿದ್ದರೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಬಹುದು. ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ಆ ದಾಖಲೆ ಕೆಲಸಕ್ಕೆ ಬರುತ್ತದೆ.

ಈ ಹಕ್ಕು ಎಷ್ಟು ದಿನ ಇರುತ್ತದೆ ಅನ್ನೋದನ್ನು ಕೇಳಿದರೆ ಹಲವರಿಗೆ ಅಚ್ಚರಿ ಆಗುತ್ತದೆ. 2012ರ ತಿದ್ದುಪಡಿಗೆ ಮುಂಚೆ, ಫೋಟೊ ಪ್ರಕಟವಾದಾಗಿನಿಂದ 60 ವರ್ಷ ಅಂತ ಇತ್ತು. ಈಗ ಫೋಟೊ ತೆಗೆದವರ ಜೀವಮಾನ, ಅದರ ಮೇಲೆ ಇನ್ನೂ 60 ವರ್ಷ. ನಾಯಿ ಬದುಕುವುದು ಹತ್ತು ಹನ್ನೆರಡು ವರ್ಷ. ಅದು ಹೋದ ಮೇಲೂ, ನಾವು ಹೋದ ಮೇಲೂ ಆ ಫೋಟೊದ ಹಕ್ಕು ಇನ್ಯಾರದೋ ಮನೆಯಲ್ಲಿ ಉಳಿದಿರುತ್ತದೆ. ಸತ್ತ ನಾಯಿಯ ಒಂದೇ ಒಂದು ಒಳ್ಳೆ ಫೋಟೊ ಬೇರೆಯವರ ಹತ್ತಿರ ಇದ್ದಾಗ ಇದರ ಭಾರ ಗೊತ್ತಾಗುತ್ತದೆ.

ಪ್ರಾಣಿಗೇ ಏನಾದರೂ ಹಕ್ಕು ಇದೆಯಾ? ಇಂಡೊನೇಷ್ಯಾದ ಸುಲವೇಸಿ ದ್ವೀಪದಲ್ಲಿ 2011ರಲ್ಲಿ ಒಂದು ಕೋತಿ, ಬ್ರಿಟಿಷ್ ಫೋಟೊಗ್ರಾಫರ್ ಡೇವಿಡ್ ಸ್ಲೇಟರ್ ಅವರ ಕ್ಯಾಮೆರಾದಿಂದ ತನ್ನ ಫೋಟೊ ತಾನೇ ತೆಗೆದುಕೊಂಡಿತು. ಆ ಕೋತಿಯ ಪರವಾಗಿ ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೆಟಾ ಸಂಸ್ಥೆ 2015ರಲ್ಲಿ ಅಮೆರಿಕದಲ್ಲಿ ಕೇಸು ಹಾಕಿತು. 2018ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ಕಾಪಿರೈಟ್ ಕಾಯ್ದೆಯಡಿ ಕೇಸು ಹಾಕುವ ಹಕ್ಕು ಪ್ರಾಣಿಗೆ ಇಲ್ಲ ಅಂತ ಹೇಳಿತು. ನಮ್ಮಲ್ಲಿ 2014ರಲ್ಲಿ ಜಲ್ಲಿಕಟ್ಟು ಕುರಿತ ಎ. ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಘನತೆಯ ಬಗ್ಗೆ ದೊಡ್ಡ ಮಾತುಗಳನ್ನೇ ಆಡಿತು. ಆದರೆ ಅದು ಹಿಂಸೆಯ ವಿಷಯ, ಫೋಟೊದ ವಿಷಯ ಅಲ್ಲ. ಸಿನಿಮಾ ನಟರು ತಮ್ಮ ಮುಖ, ದನಿ ಬಳಸಬೇಡಿ ಅಂತ ಕೋರ್ಟಿನಿಂದ ಆದೇಶ ತರುತ್ತಾರಲ್ಲ, ಆ ಬಗೆಯ ಹಕ್ಕು ಮನುಷ್ಯರಿಗೆ ಸೇರಿದ್ದು.

ಹಣ ಕೊಟ್ಟು ತೆಗೆಸಿದ ಫೋಟೊ

17ನೇ ಸೆಕ್ಷನ್ನಿನಲ್ಲೇ ಒಂದು ದೊಡ್ಡ ವಿನಾಯಿತಿ ಇದೆ. ನೀವೇ ಕೇಳಿಕೊಂಡು, ಹಣ ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮೊದಲ ಮಾಲೀಕರು ನೀವು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಸ್ಟುಡಿಯೊದವರನ್ನು ಕರೆಸಿ ನಾಯಿಯ ಹುಟ್ಟುಹಬ್ಬದ ಫೋಟೊ ತೆಗೆಸಿದಿರಿ ಅಂತ ಇಟ್ಟುಕೊಳ್ಳಿ. ಅವರು ಅದೇ ಫೋಟೊವನ್ನು ನಿಮ್ಮನ್ನು ಕೇಳದೆ ಅಂಗಡಿಯ ಬೋರ್ಡಿಗೆ ಹಾಕಿದರೆ ನೀವು ಗಟ್ಟಿಯಾಗಿ ಪ್ರಶ್ನಿಸಬಹುದು. ಆದರೆ ಆರ್ಡರ್ ಕೊಡುವಾಗ ಸಹಿ ಮಾಡಿದ ಚೀಟಿಯನ್ನು ಒಮ್ಮೆ ತೆಗೆದು ನೋಡಿ. "ಫೋಟೊಗಳ ಹಕ್ಕು ಸ್ಟುಡಿಯೊದ್ದು" ಅಂತ ಅದರಲ್ಲಿ ಬರೆದಿದ್ದರೆ ಆ ಮಾತೇ ನಡೆಯುತ್ತದೆ. ಇನ್ನೊಂದು ಮಾತು: ಮಾಲೀಕತ್ವ ನಿಮಗೆ ಬಂದರೂ ಫೋಟೊಗ್ರಾಫರ್ ಹೆಸರಿನ ಹಕ್ಕು ಅವರ ಹತ್ತಿರವೇ ಉಳಿಯುತ್ತದೆ. ತಾವು ತೆಗೆದದ್ದು ಅಂತ ಹೇಳಿಕೊಳ್ಳುವ ಹಕ್ಕನ್ನೂ, ತಮ್ಮ ಗೌರವಕ್ಕೆ ಕುಂದು ಬರುವಂತೆ ಫೋಟೊ ಕೆಡಿಸಿದರೆ ಆಕ್ಷೇಪಿಸುವ ಹಕ್ಕನ್ನೂ 57ನೇ ಸೆಕ್ಷನ್ ಅವರಿಗೆ ಕೊಡುತ್ತದೆ.

ಗ್ರೂಮಿಂಗ್ ಅಂಗಡಿಯ ವಿಷಯ ಇದಕ್ಕಿಂತ ತೊಡಕು. ನೀವು ಹಣ ಕೊಟ್ಟಿದ್ದು ಸ್ನಾನಕ್ಕೆ, ಉಗುರು ಕತ್ತರಿಸಲಿಕ್ಕೆ, ಕೂದಲು ಟ್ರಿಮ್ ಮಾಡಲಿಕ್ಕೆ. ಫೋಟೊಕ್ಕಲ್ಲ. ಅಂಗಡಿಯ ಕೆಲಸಗಾರ ಕೆಲಸದ ಭಾಗವಾಗಿ "ಮೊದಲು, ಆಮೇಲೆ" ಅಂತ ಎರಡು ಫೋಟೊ ತೆಗೆದರೆ ಅದರ ಕಾಪಿರೈಟ್ ಸಾಮಾನ್ಯವಾಗಿ ಅಂಗಡಿಯದು. ಬೋರ್ಡಿಂಗ್‌ನಲ್ಲಿ ನಾಯಿ ಬಿಟ್ಟು ಊರಿಗೆ ಹೋದಾಗಲೂ ಅಷ್ಟೇ. ಇಲ್ಲಿ ಕಾಪಿರೈಟ್ ಹಿಡಿದು ವಾದ ಮಾಡಿದರೆ ನೀವು ಸೋಲುತ್ತೀರಿ.

ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ನೀವು ಗಿರಾಕಿ. ನಾಯಿಯನ್ನು ಒಂದು ಕೆಲಸಕ್ಕೆ ಅವರ ಕೈಗೆ ಒಪ್ಪಿಸಿದ್ದೀರಿ. ಒಪ್ಪಿಸುವ ಮುಂಚೆ "ಫೋಟೊ, ವಿಡಿಯೊ ಎಲ್ಲಿಯೂ ಹಾಕಬೇಡಿ" ಅಂತ ಹೇಳಿ, ಅದನ್ನೇ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಿ, ಅವರು "ಸರಿ" ಅಂದರೆ, ಅದು ನಿಮ್ಮಿಬ್ಬರ ನಡುವಿನ ಒಪ್ಪಂದ. ಆಮೇಲೆ ಹಾಕಿದರೆ ಮಾತು ಮುರಿದಂತೆ. ಕಾಪಿರೈಟ್ ಕೊಡದ ಬಲವನ್ನು ಈ ಒಂದು ಸಾಲು ಕೊಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕಾನೂನು ಸುಮ್ಮನಿದ್ದರೂ ಅಂಗಡಿಯವರು ಕೇಳದೆ ಹಾಕುವುದು ತಪ್ಪೇ. ನಾಯಿ ಟೇಬಲ್ ಮೇಲೆ ಹೆದರಿ ನಡುಗುತ್ತಿರುವ ವಿಡಿಯೊಗೆ ನಗುವ ಹಾಡು ಹಾಕಿ ಲೈಕ್ ಗಳಿಸುವುದನ್ನು ನೋಡಿದಾಗ ನನಗೆ ಬೇಸರ ಮಾತ್ರ ಅಲ್ಲ, ಸಿಟ್ಟೂ ಬರುತ್ತದೆ. ನಂಬಿ ಕೊಟ್ಟ ಜೀವ ಅದು.

ಪಶುವೈದ್ಯರ ಬಗ್ಗೆ ಒಂದು ಮಾತು ಬೇರೆ. ಗಾಯದ, ಚರ್ಮರೋಗದ ಫೋಟೊಗಳನ್ನು ಅವರು ಪಾಠಕ್ಕೆ, ಬೇರೆ ಡಾಕ್ಟರ್ ಸಲಹೆಗೆ ಬಳಸುತ್ತಾರೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವ ಪ್ರದೇಶ ನಮ್ಮದು, ಕಲಿಯುವ ಹುಡುಗರೂ ಬಹಳ. ಅಂಥ ಬಳಕೆಗೆ ಅಡ್ಡಿ ಮಾಡುವುದು ಸರಿಯಲ್ಲ ಅಂತ ನನಗನಿಸುತ್ತದೆ. ನಾಯಿಯ ಹೆಸರು, ನಿಮ್ಮ ಹೆಸರು ತೆಗೆದುಬಿಟ್ಟರೆ ಸಾಕು.

ನೀವೇ ತೆಗೆದ ಫೋಟೊ ಬೇರೆಯವರು ಹಾಕಿದರೆ

ಈಗ ಆಟ ಪೂರ್ತಿ ಬದಲಾಗುತ್ತದೆ. ಕ್ಯಾಮೆರಾ ಹಿಂದೆ ನೀವಿದ್ದರೆ ಹಕ್ಕು ನಿಮ್ಮದು. ಅದನ್ನು ನಕಲು ಮಾಡುವುದು, ಜನರಿಗೆ ತಲುಪಿಸುವುದು, ಬದಲಿಸಿ ಇನ್ನೊಂದು ರೂಪ ಕೊಡುವುದು, ಎಲ್ಲಕ್ಕೂ ನಿಮ್ಮ ಅನುಮತಿ ಬೇಕು.

ಇಲ್ಲಿ ಜನ ಜಾಸ್ತಿ ಎಡವುವುದು ಮೂರು ಮಾತಿನಲ್ಲಿ. "ಗೂಗಲ್‌ನಲ್ಲಿ ಸಿಕ್ಕಿತು." ಸಿಕ್ಕ ಮಾತ್ರಕ್ಕೆ ಅದು ಎಲ್ಲರದಾಗುವುದಿಲ್ಲ. "ಕ್ರೆಡಿಟ್ ಕೊಟ್ಟಿದ್ದೀನಲ್ಲ." ಹೆಸರು ಹಾಕುವುದು ಒಳ್ಳೆ ನಡತೆ, ಆದರೆ ಅದು ಅನುಮತಿಯ ಜಾಗ ತುಂಬುವುದಿಲ್ಲ. "ನೀವೇ ಸ್ಟೇಟಸ್‌ಗೆ ಹಾಕಿದ್ದಿರಿ." ಸ್ಟೇಟಸ್ ನೋಡಲು ಹಾಕಿದ್ದು. ಸ್ಕ್ರೀನ್‌ಶಾಟ್ ತೆಗೆದು ಅಂಗಡಿಯ ಫ್ಲೆಕ್ಸಿಗೆ ಕೊಡಲು ಅಲ್ಲ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಂಪನಿಗಳ ಷರತ್ತುಗಳನ್ನು ಒಮ್ಮೆಯಾದರೂ ಓದಬೇಕು. ಮಾಲೀಕತ್ವ ನಿಮ್ಮದೇ ಅಂತ ಅವು ಹೇಳುತ್ತವೆ. ಜೊತೆಗೇ, ಆ ಫೋಟೊವನ್ನು ಜಗತ್ತಿನ ಎಲ್ಲಿ ಬೇಕಾದರೂ, ಹಣ ಕೊಡದೆ ಬಳಸುವ, ಬೇರೆಯವರಿಗೆ ಆ ಅನುಮತಿ ದಾಟಿಸುವ ಲೈಸೆನ್ಸನ್ನು ಕಂಪನಿ ನಿಮ್ಮಿಂದ ತೆಗೆದುಕೊಳ್ಳುತ್ತದೆ. ಆ ಲೈಸೆನ್ಸ್ ಕಂಪನಿಗೆ. ನಿಮ್ಮ ಬೀದಿಯ ಪೆಟ್ ಶಾಪಿಗಲ್ಲ. ಆ್ಯಪ್‌ನೊಳಗಿನ ಶೇರ್ ಬಟನ್ ಒತ್ತಿ ನಿಮ್ಮ ಪೋಸ್ಟನ್ನು ಯಾರಾದರೂ ಸ್ಟೋರಿಗೆ ಹಾಕಿದರೆ ಅದು ಆ ಷರತ್ತಿನೊಳಗಿನ ಮಾತು, ನಿಮ್ಮ ಹೆಸರೂ ಅದರ ಜೊತೆ ಹೋಗುತ್ತದೆ. ಡೌನ್‌ಲೋಡ್ ಮಾಡಿ ತಮ್ಮದೇ ಅನ್ನುವಂತೆ ಮತ್ತೆ ಅಪ್‌ಲೋಡ್ ಮಾಡಿದರೆ ಅದು ಬೇರೆಯೇ ಕೆಲಸ.

ವಾಟರ್‌ಮಾರ್ಕ್ ಕತ್ತರಿಸಿ ಹಾಕುವವರಿಗೂ ಒಂದು ಎಚ್ಚರಿಕೆ. 2012ರಲ್ಲಿ ಸೇರಿಸಿದ 65ಬಿ ಸೆಕ್ಷನ್ ಪ್ರಕಾರ, ಹಕ್ಕಿನ ವಿವರ ಹೇಳುವ ಗುರುತನ್ನು ಅನುಮತಿ ಇಲ್ಲದೆ, ಗೊತ್ತಿದ್ದೂ ಅಳಿಸುವುದು ಅಪರಾಧ. ಎರಡು ವರ್ಷದವರೆಗೆ ಜೈಲು, ದಂಡ ಆಗಬಹುದು. ಮೂಲೆಯ ಚಿಕ್ಕ ಹೆಸರು ಅಂತ ಹಗುರ ಮಾಡಬೇಡಿ.

ಕೆಲವು ಬಳಕೆಗಳಿಗೆ 52ನೇ ಸೆಕ್ಷನ್ ದಾರಿ ಬಿಟ್ಟಿದೆ. ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಯ ವರದಿ. ನಿಮ್ಮ ನಾಯಿ ಬಾವಿಗೆ ಬಿದ್ದು ಅಗ್ನಿಶಾಮಕದವರು ಮೇಲೆತ್ತಿದರೆ, ಆ ಸುದ್ದಿಯ ಜೊತೆ ಪತ್ರಿಕೆ ನಿಮ್ಮ ಫೋಟೊ ಬಳಸಿದರೆ ವಾದಕ್ಕೆ ಆಸ್ಪದ ಇದೆ. ಆದರೆ ನಾಯಿ ಆಹಾರದ ಅಂಗಡಿ ಅದನ್ನೇ ಆಫರ್ ಪೋಸ್ಟರಿಗೆ ಹಾಕಿದರೆ ಆ ದಾರಿ ಮುಚ್ಚಿದಂತೆ.

ಸಾಕುಪ್ರಾಣಿಯ ಹೆಸರು, ಮುಖ ಒಂದು ವ್ಯಾಪಾರವೇ ಆದಾಗ ಇನ್ನೊಂದು ಬಾಗಿಲು ತೆರೆಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ಸಿಡುಕು ಮೋರೆಯ ಒಂದು ಬೆಕ್ಕು ಇತ್ತು, 'ಗ್ರಂಪಿ ಕ್ಯಾಟ್' ಅಂತ ಜಗತ್ತಿಗೆಲ್ಲ ಗೊತ್ತು. ಅದರ ಮನೆಯವರು ಕೋಲ್ಡ್ ಕಾಫಿಗೆ ಅಂತ ಒಂದು ಕಂಪನಿಗೆ ಲೈಸೆನ್ಸ್ ಕೊಟ್ಟಿದ್ದರು. ಆ ಕಂಪನಿ ಮಾತು ಮೀರಿ ಬೇರೆ ಕಾಫಿ ಉತ್ಪನ್ನಗಳ ಮೇಲೂ ಬೆಕ್ಕಿನ ಮುಖ ಹಾಕಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 7,10,001 ಡಾಲರ್ ಪರಿಹಾರ ಕೊಡಿಸಿತು. ಗೆದ್ದದ್ದು ಬೆಕ್ಕಿನ ಹಕ್ಕು ಅಲ್ಲ ಅನ್ನೋದನ್ನು ಗಮನಿಸಿ. ಕಾಪಿರೈಟ್, ಟ್ರೇಡ್‌ಮಾರ್ಕ್, ಬರೆದಿಟ್ಟ ಕರಾರು, ಈ ಮೂರು ಅವರ ಕೈಯಲ್ಲಿದ್ದವು. ನಮ್ಮ ಕಡೆಯೂ ನಾಯಿಯ ಹೆಸರಿನಲ್ಲಿ ಪೇಜ್ ನಡೆಸಿ ಜಾಹೀರಾತು ಪಡೆಯುವವರು ಇದ್ದರೆ, ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದು. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ.

ಫೋಟೊ ನಿಮ್ಮದಲ್ಲ, ಆದರೆ ಪೆಟ್ಟು ನಿಮಗೆ

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. ಕಾಪಿರೈಟ್ ಇಲ್ಲದ ಕಡೆ ನಮಗೆ ಏನೂ ಇಲ್ಲ ಅಂದುಕೊಂಡು ಜನ ಸುಮ್ಮನಾಗುತ್ತಾರೆ. ಇಲ್ಲವಾದರೆ, ತಾವು ತೆಗೆಯದ ಫೋಟೊಗೆ ಕಾಪಿರೈಟ್ ದೂರು ಕೊಟ್ಟು ತಾವೇ ಸಿಕ್ಕಿಬೀಳುತ್ತಾರೆ. ಎರಡೂ ಬೇಡ. ನೋಯಿಸಿದ್ದು ಏನು ಅನ್ನೋದನ್ನು ಮೊದಲು ಗುರುತಿಸಿ. ಆಮೇಲೆ ಅದಕ್ಕೆ ತಕ್ಕ ದೂರು ಕೊಡಿ.

ಫೋಟೊದಲ್ಲಿ ನಾಯಿ ಒಂದೇ ಇರುವುದಿಲ್ಲ. ಹಿಂದೆ ಗೇಟು, ಗೇಟಿನ ಮೇಲೆ ಮನೆ ಹೆಸರು, ಪಕ್ಕದಲ್ಲಿ ಸ್ಕೂಟರ್ ನಂಬರ್. ಬೆಲ್ಟಿನ ಬಿಲ್ಲೆಯಲ್ಲಿ ನಿಮ್ಮ ಫೋನ್ ನಂಬರ್. ನಾಯಿಯ ಕತ್ತು ಹಿಡಿದು ನಿಂತ ಮಗಳ ಮುಖ. ಇವೆಲ್ಲ ಮನುಷ್ಯರ ವಿವರಗಳು, ಇವಕ್ಕೆ ರಕ್ಷಣೆ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪ್ರಕರಣಕ್ಕೆ ಹೆಸರಾದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಗುರುತಿಸಬಹುದಾದ ಮನುಷ್ಯನ ಮಾಹಿತಿಯನ್ನೇ ಕಾಯುತ್ತದೆ. ನಾಯಿಯ ಮುಖ ಅದರೊಳಗೆ ಬರುವುದಿಲ್ಲ, ಬಿಲ್ಲೆಯ ನಂಬರ್ ಬರುತ್ತದೆ. ಒಬ್ಬ ವ್ಯಕ್ತಿ ತನ್ನ ಮನೆಮಟ್ಟಿನ ಬಳಕೆಗೆ ಇಟ್ಟುಕೊಂಡದ್ದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ವ್ಯಾಪಾರಕ್ಕೆ ಪೇಜ್ ನಡೆಸುವ ಅಂಗಡಿಯ ಲೆಕ್ಕ ಬೇರೆ. ಹಾಗಾಗಿ ಆ್ಯಪ್‌ಗೆ ದೂರು ಕೊಡುವಾಗ "ಇದು ನಮ್ಮ ನಾಯಿ" ಅನ್ನೋದಕ್ಕಿಂತ "ಇದರಲ್ಲಿ ನನ್ನ ಫೋನ್ ನಂಬರ್ ಕಾಣುತ್ತಿದೆ, ನನ್ನ ಮಗುವಿನ ಮುಖ ಕಾಣುತ್ತಿದೆ" ಅನ್ನೋದು ಕೆಲಸ ಮಾಡುತ್ತದೆ.

ನಾಯಿ ಕದಿಯುವವರಿಗೂ ಈ ವಿವರಗಳೇ ಸಾಕು. ಯಾವ ತಳಿ, ಯಾವ ಬೀದಿ, ಎಷ್ಟು ಗಂಟೆಗೆ ಗೇಟು ತೆರೆದಿರುತ್ತದೆ, ಎಲ್ಲ ಒಂದೇ ಪೇಜಿನಲ್ಲಿ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಲೊಕೇಶನ್ ಮಾಹಿತಿ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಗೊತ್ತಿಲ್ಲದವರಿಗೆ ಮೂಲ ಫೈಲ್ ಕಳಿಸುವ ಮುಂಚೆ ಇದು ನೆನಪಿರಲಿ.

ಮೋಸದ ಮಾರಾಟ ಇನ್ನೊಂದು. ನಿಮ್ಮ ಲ್ಯಾಬ್ರಡಾರ್ ಮರಿಯ ಫೋಟೊ ಕದ್ದು, "ಮರಿ ಮಾರಾಟಕ್ಕಿದೆ, ಅಡ್ವಾನ್ಸ್ ಕಳಿಸಿ" ಅಂತ ಹಾಕುತ್ತಾರೆ. ಹಣ ಬಂದ ಮೇಲೆ ಫೋನ್ ಸ್ವಿಚ್ ಆಫ್. ಹಣ ಕಳಕೊಂಡವರು ಫೋಟೊದ ಜಾಡು ಹಿಡಿದು ನಿಮ್ಮ ಮನೆ ಬಾಗಿಲಿಗೆ ಬಂದರೆ? ಇದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ. ಆನ್‌ಲೈನಿನಲ್ಲಿ ಬೇರೆಯವರ ಸೋಗು ಹಾಕಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಇದೆ. ಹಣ ಹೋದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಫೋಟೊದ ಮಾಲೀಕರಾದ ನೀವೂ ಸೈಬರ್ ಪೊಲೀಸರಿಗೆ ಒಂದು ಮಾಹಿತಿ ಕೊಟ್ಟಿಟ್ಟರೆ ಮುಂದೆ ನಿಮಗೇ ಒಳ್ಳೆಯದು. ಮರಿ ಕೊಳ್ಳುವವರಿಗೆ ಒಂದು ಮಾತು: 2017ರ ನಾಯಿ ತಳಿ ಸಾಕಣೆ ನಿಯಮಗಳ ಪ್ರಕಾರ ಬ್ರೀಡರ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ನೋಂದಣಿ ಕೇಳಿ. ವಿಡಿಯೊ ಕಾಲ್‌ನಲ್ಲಿ ಮರಿ ತೋರಿಸಲು ಹೇಳಿ.

ಲೇಔಟ್ ಗ್ರೂಪಿನ ಜಗಳ ಇದಕ್ಕಿಂತ ಹತ್ತಿರದ್ದು. 2025ರ ಆಗಸ್ಟಿನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳ ನಂತರ ನಾಯಿ ಫೋಟೊ ಅಂದರೆ ಸಾಕು, ಚರ್ಚೆ ಕಾವೇರುತ್ತದೆ. ಬೆಲ್ಟ್ ಇಲ್ಲದ ನಿಮ್ಮ ನಾಯಿಯ ಫೋಟೊ ತೆಗೆದು "ಇದು ಕಚ್ಚುವ ನಾಯಿ, ಇಂಥ ಮನೆಯದು" ಅಂತ ಯಾರಾದರೂ ಹಾಕಿದರೆ, ಅದು ಸುಳ್ಳಾದರೆ, ಹೆಸರು ಕೆಡುವುದು ನಾಯಿಯದಲ್ಲ, ನಿಮ್ಮದು. ಮಾನನಷ್ಟದ ಪ್ರಶ್ನೆ ಅಲ್ಲಿ ಬರುತ್ತದೆ. ನಿಜವಾಗಿ ಕಚ್ಚಿದ್ದರೆ ಮಾತ್ರ ಹಾಕಿದವರನ್ನು ದೂರಬೇಡಿ. ಮಕ್ಕಳ ಜೀವದ ಪ್ರಶ್ನೆ ಅದು. ಲಸಿಕೆಯ ಕಾರ್ಡ್ ಹಿಡಿದು ಅವರ ಮನೆಗೆ ಹೋಗುವುದು ನಿಮ್ಮ ಕೆಲಸ.

ಕಳೆದುಹೋದ ನಾಯಿಯ ಪೋಸ್ಟ್‌ಗಳಿಗೆ ಯಾರೂ ಅನುಮತಿ ಕೇಳುತ್ತಾ ಕೂರಬಾರದು. ಹುಡುಕಿಕೊಡಿ ಅಂತ ಹಾಕಿದ್ದೇ ಹಂಚಲಿ ಅಂತ. ಸಿಕ್ಕ ಮೇಲೆ "ಸಿಕ್ಕಿದೆ" ಅಂತ ಹಾಕಿದರೆ ಸಾಕು, ಇಲ್ಲದಿದ್ದರೆ ವರ್ಷ ಕಳೆದರೂ ನಿಮ್ಮ ನಂಬರ್ ಸುತ್ತುತ್ತಲೇ ಇರುತ್ತದೆ.

ಗಿಳಿಯ ವಿಷಯ ಹೇಳಲೇಬೇಕು. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ನೆಂಟರು ಬಂದು ಆ ಗಿಳಿಯ ರೀಲ್ ಹಾಕಿದರೆ ಅನುಮತಿಯ ಪ್ರಶ್ನೆ ಪಕ್ಕಕ್ಕೆ ಹೋಗಿ, ಅದು ನಿಮ್ಮ ವಿರುದ್ಧದ ಸಾಕ್ಷಿ ಆಗುತ್ತದೆ. ಅಂಥ ಗಿಳಿ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೇ ದಾರಿ.

ಎತ್ತಿನ ಫೋಟೊ, ರೈತನ ಪಾಲು

ಸಾಕುಪ್ರಾಣಿ ಅಂದರೆ ನಾಯಿ ಬೆಕ್ಕು ಅಂತಷ್ಟೇ ನಗರದ ಮಾತು. ಬೀದರ್, ಕಲಬುರಗಿ, ಯಾದಗಿರಿ ಕಡೆ ಕ್ಯಾಮೆರಾ ಮುಂದೆ ಜಾಸ್ತಿ ನಿಲ್ಲುವುದು ಎತ್ತು. ಕಾರಹುಣ್ಣಿಮೆಯ ದಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ ಊರೊಳಗೆ ಮೆರೆಸುವಾಗ ಸುತ್ತ ಫೋನುಗಳೇ ಫೋನುಗಳು. ಆ ಫೋಟೊಗಳಲ್ಲಿ ಒಂದು ಮುಂದಿನ ವರ್ಷ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಲ್ಲೋ, ಯಾವುದೋ ರಾಜಕಾರಣಿಯ ಶುಭಾಶಯದ ಫ್ಲೆಕ್ಸಿನಲ್ಲೋ ಕಾಣಬಹುದು. ಫೋಟೊ ತೆಗೆದವನಿಗೆ ಕೇಳುವ ಹಕ್ಕಿದೆ. ಎತ್ತು ಸಾಕಿದ ರೈತನಿಗೆ ಕಾಪಿರೈಟ್ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಅವನ ಮುಖ ಆ ಫೋಟೊದಲ್ಲಿದ್ದು ಜಾಹೀರಾತಿಗೆ ಬಳಸಿದರೆ ಮಾತ್ರ ಅವನು ತನ್ನ ಪರವಾಗಿ ಕೇಳಬಹುದು.

ದೇವಣಿ ಎತ್ತಿನ ಮಾತು ತೆಗೆದುಕೊಳ್ಳಿ. ಲಾತೂರಿನ ದೇವಣಿಯಿಂದ ಹೆಸರು ಪಡೆದ ಈ ತಳಿ ಬೀದರ್ ಸೀಮೆಯ ಹೆಮ್ಮೆ. ವಾನೇರಾ, ಬಾಲಂಕ್ಯಾ, ಶೇವೇರಾ ಅಂತ ಮೈಬಣ್ಣದ ಮೇಲೆ ಗುರುತಿಸುತ್ತಾರೆ. ಒಂದು ಒಳ್ಳೆ ಜೋಡಿಯ ಹಿಂದೆ ವರ್ಷಗಳ ಆರೈಕೆ ಇರುತ್ತದೆ. ಅದರ ಫೋಟೊ ತೆಗೆದುಕೊಂಡು ಹೋಗಿ, ಬೇರೆ ಎತ್ತು ಮಾರಲು ತೋರಿಸಿದರೆ ಕೊಂಡವನಿಗೂ ಮೋಸ, ಸಾಕಿದವನ ಹೆಸರಿಗೂ ಪೆಟ್ಟು. ಬಕ್ರೀದ್ ಮುಂಚೆ ಮೇಕೆಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವಾಗಲೂ ಇದೇ ಅಪಾಯ ಇದೆ. ಸಂತೆಯಲ್ಲಿ ಹಲ್ಲು ಬಿಡಿಸಿ ನೋಡಿ ಕೊಳ್ಳುವ ಜನ ನಾವು, ಫೋಟೊ ನೋಡಿ ಹಣ ಕಳಿಸುವಾಗ ಯಾಕೆ ಅವಸರ?

ಈ ರೈತರಿಗಾಗಿ ಕಾನೂನು ಬದಲಾಗಬೇಕು ಅಂತ ನಾನು ಹೇಳುವುದಿಲ್ಲ. ಪ್ರಾಣಿಯ ಮಾಲೀಕರಿಗೆಲ್ಲ ಫೋಟೊ ಮೇಲೆ ಹಕ್ಕು ಕೊಟ್ಟರೆ ಜಾತ್ರೆಯಲ್ಲಿ ಯಾರೂ ಕ್ಯಾಮೆರಾ ಎತ್ತುವಂತಿಲ್ಲ, ವರದಿಗಾರರೂ ಎತ್ತುವಂತಿಲ್ಲ. ಹಿಂಸೆಗೆ ಸಿಕ್ಕ ಪ್ರಾಣಿಯ ಫೋಟೊವನ್ನು ಮಾಲೀಕನೇ ತಡೆದುಬಿಡಬಹುದು. ಅದು ಇನ್ನೂ ಕೆಟ್ಟದ್ದು. ಆದರೆ ವ್ಯಾಪಾರಕ್ಕೆ ಬಳಸುವವರು ಎತ್ತಿನ ಮಾಲೀಕನನ್ನು ಹುಡುಕಿ ಕೇಳಬೇಕು, ಒಂದಿಷ್ಟು ಹಣ ಕೊಡಬೇಕು ಅಂತ ಖಂಡಿತ ಹೇಳುತ್ತೇನೆ. ಊರು ಗೊತ್ತಿದ್ದರೆ ಎತ್ತಿನ ಮನೆ ಹುಡುಕುವುದು ಕಷ್ಟವಲ್ಲ.

ಏನು ಮಾಡಬೇಕು

ಮೊದಲು ಫೋಟೊ ಇದ್ದಂತೆಯೇ ಸ್ಕ್ರೀನ್‌ಶಾಟ್ ತೆಗೆಯಿರಿ. ಪೇಜಿನ ಹೆಸರು, ಲಿಂಕ್, ದಿನಾಂಕ ಎಲ್ಲ ಬರಲಿ. ನಿಮ್ಮ ಮೂಲ ಫೈಲ್ ಅಳಿಸಬೇಡಿ, ಕ್ಯಾಮೆರಾ ಬರೆದಿಟ್ಟ ದಿನಾಂಕ, ಸಮಯ ಅದರಲ್ಲಿ ಇರುತ್ತದೆ. ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಡಿ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರವೂ ಬೇಕಾಗುತ್ತದೆ, ವಕೀಲರು ಮಾಡಿಸಿಕೊಡುತ್ತಾರೆ.

ಆಮೇಲೆ ಮಾತಾಡಿ. ಗೊತ್ತಿಲ್ಲದೆ ಹಾಕಿದವರೇ ಜಾಸ್ತಿ, ಒಂದು ಮೆಸೇಜಿಗೆ ತೆಗೆಯುತ್ತಾರೆ. ತೆಗೆಯದಿದ್ದರೆ ಆ್ಯಪ್‌ನ ದೂರು ಫಾರ್ಮ್ ಇದೆ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ದೂರು ಅಧಿಕಾರಿಯನ್ನು ಇಟ್ಟಿರಬೇಕು. ಕಾಪಿರೈಟ್ ನಿಮ್ಮದೇ ಆಗಿದ್ದರೆ 2013ರ ಕಾಪಿರೈಟ್ ನಿಯಮಗಳಲ್ಲಿ ಇನ್ನೊಂದು ದಾರಿ ಇದೆ. ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ಕಂಪನಿ ಆ ಫೋಟೊ ಸಿಗದಂತೆ ಮಾಡಬೇಕು. 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೋರಿಸಬಹುದು.

ಕೋರ್ಟಿಗೆ ಬೆಂಗಳೂರಿಗೋ ಮುಂಬೈಗೋ ಓಡಬೇಕಾಗಿಲ್ಲ. ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹಕ್ಕಿನ ಮಾಲೀಕರು ತಾವು ವಾಸಿಸುವ ಊರಿನ ಜಿಲ್ಲಾ ಕೋರ್ಟಿನಲ್ಲೇ ದಾವೆ ಹಾಕಬಹುದು. ಮೇಲ್ಮನವಿಗೂ ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ, 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಫೋಟೊ ಬಳಸದಂತೆ ತಡೆಯಾಜ್ಞೆ, ನಷ್ಟ ಪರಿಹಾರ, ಗಳಿಸಿದ ಲಾಭದ ಲೆಕ್ಕ, ಎಲ್ಲವನ್ನೂ ಕೇಳಬಹುದು.

ಕ್ರಿಮಿನಲ್ ದಾರಿಯೂ ಇದೆ. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಅಂತ 2022ರಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಲೇಜು ಹುಡುಗ ಒಬ್ಬ ನಿಮ್ಮ ಬೆಕ್ಕಿನ ಫೋಟೊ ಮೀಮ್ ಮಾಡಿದ್ದಕ್ಕೆ ಇದನ್ನು ಎತ್ತಿಕೊಳ್ಳಬೇಡಿ, ದಯವಿಟ್ಟು. ಅವನ ಓದೂ ಬದುಕೂ ಹಾಳಾಗುತ್ತದೆ. ನಿಮ್ಮ ಫೋಟೊ ಕದ್ದು, ಗೊತ್ತಿದ್ದೂ, ಹಣ ಮಾಡುತ್ತಿರುವವರಿಗೆ ಇದನ್ನು ಉಳಿಸಿಕೊಳ್ಳಿ. ಹಕ್ಕಿಲ್ಲದೆ ಸುಮ್ನೆ ನೋಟಿಸ್ ಕೊಟ್ಟು ಹೆದರಿಸಿದರೆ 60ನೇ ಸೆಕ್ಷನ್ ಪ್ರಕಾರ ಹೆದರಿಸಿಕೊಂಡವರೇ ನಿಮ್ಮ ಮೇಲೆ ಕೇಸು ಹಾಕಬಹುದು.

ಇಷ್ಟೆಲ್ಲ ಆಗುವ ಮುಂಚೆ ಒಂದು ಮಾತು ಕೇಳಿದರೆ ಮುಗಿಯುತ್ತದೆ. "ಕಾಕಾ, ಎತ್ತಿಂದು ಫೋಟೊ ಹಾಕ್ಲೇನ್ರಿ?" "ಅಕ್ಕಾ, ನಿಮ್ ನಾಯಿಂದು ರೀಲ್ ಮಾಡೀನ್ರಿ, ಹಾಕಿದ್ರ ನಡೀತದೇನ್ರಿ?" ಬಹಳ ಜನ ಖುಷಿಯಿಂದ ಹೂಂ ಅನ್ನುತ್ತಾರೆ. ಬೇಡ ಅಂದವರಿಗೆ ಅವರದೇ ಕಾರಣ ಇರುತ್ತದೆ, ಅದನ್ನು ಕೇಳುವ ಅಗತ್ಯ ಇಲ್ಲ.

ಅಂಗಡಿ, ಕ್ಲಿನಿಕ್, ಬೋರ್ಡಿಂಗ್ ನಡೆಸುವವರಿಗೆ ನನ್ನ ಮನವಿ ಇನ್ನೂ ನೇರ. ನಿಮ್ಮ ಬಿಲ್ಲಿನ ಕೆಳಗೆ ಎರಡು ಚೌಕ ಹಾಕಿ: ಫೋಟೊ ಹಾಕಬಹುದು, ಹಾಕಬಾರದು. ಗಿರಾಕಿ ಒಂದಕ್ಕೆ ಗುರುತು ಮಾಡಿ ಸಹಿ ಹಾಕಲಿ. ಹಾಕಬಹುದು ಅಂದವರ ಫೋಟೊದಲ್ಲೂ ಬಿಲ್ಲೆಯ ನಂಬರ್, ಮಕ್ಕಳ ಮುಖ ಮರೆಮಾಡಿ. ಮುಂದೆ ಯಾವಾಗ ತೆಗೆಯಿರಿ ಅಂದರೂ ತೆಗೆಯುತ್ತೇವೆ ಅಂತ ಒಂದು ಸಾಲು ಸೇರಿಸಿ, ಯಾವ ನಂಬರಿಗೆ ಹೇಳಬೇಕು ಅನ್ನೋದನ್ನೂ ಬರೆಯಿರಿ. ಹೊಸ ಬಿಲ್ ಬುಕ್ ಅಚ್ಚು ಹಾಕಿಸುವವರೆಗೆ ಒಂದು ರಬ್ಬರ್ ಸ್ಟಾಂಪ್ ಸಾಕು.